ಮೂಲಮಾನದ ಶುದ್ಧಿ

ಅಚೌರ್ಯಾಣುವ್ರತದ ಐದು ಅತಿಚಾರಗಳಲ್ಲಿ ಹೀನಾಧಿಕ ಮಾನೋನ್ಮಾನವೂ ಒಂದೆಂದು ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದಲ್ಲಿ ಎಣಿಸಿದ್ದಾರೆ. ಕೊಡುವಾಗ ಕಿರಿದಾದ, ಕೊಳ್ಳುವಾಗ ಹಿರಿದಾದ ಅಳತೆಯನ್ನು ಬಳಸುವುದೆಂದು ಅದರ ಅರ್ಥ. ಅಂಗಡಿಯ ತಕ್ಕಡಿಗೆ ಈ ಮಾತು ಅನ್ವಯಿಸುತ್ತದೆಂಬುದು ಶ್ರಾವಕರಿಗೆಲ್ಲ ತಿಳಿದದ್ದೇ. ಆದರೆ ಅಳತೆಗಳಿಗೆಲ್ಲ ಆಧಾರವಾದ ಮೂಲಮಾನ ಶುದ್ಧವಾಗಿರಬೇಕೆಂಬ ವಿಚಾರ ಅಷ್ಟಾಗಿ ಯಾರ ಗಮನಕ್ಕೂ ಬರುವುದಿಲ್ಲ.

ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯರು ಗಣಿತಸಾರಸಂಗ್ರಹದಲ್ಲಿ ಲೆಕ್ಕಗಳಿಗೆ ತೊಡಗುವ ಮೊದಲೇ ಮಾನಗಳ ಪರಿಭಾಷೆಯನ್ನು ನಿರ್ಣಯಿಸಿದರು. ಆರು ಅಂಗುಲ ಒಂದು ಪಾದ, ಎರಡು ಪಾದ ಒಂದು ವಿತಸ್ತಿ, ಎರಡು ವಿತಸ್ತಿ ಒಂದು ಹಸ್ತ, ಹೀಗೆ ಯೋಜನದವರೆಗೆ. ಆದರೆ ಅಂಗುಲವೆಂದರೆ ಯಾರ ಬೆರಳು? ಅದಕ್ಕಾಗಿಯೇ ಜೈನ ಗ್ರಂಥಗಳು ಉತ್ಸೇಧಾಂಗುಲ, ಅದರ 500 ಪಟ್ಟಾದ ಪ್ರಮಾಣಾಂಗುಲ, ಆಯಾ ಕಾಲದ ಮನುಷ್ಯರ ಆತ್ಮಾಂಗುಲ ಎಂದು ಮೂರು ಬಗೆ ಮಾಡಿ, ಯಾವುದನ್ನು ಯಾವುದರಿಂದ ಅಳೆಯಬೇಕೆಂದು ವಿಧಿಸಿದವು.

ಊರಿಗೊಂದು ಅಳತೆಯಿದ್ದ ಫ್ರಾನ್ಸ್ ದೇಶಕ್ಕೂ ಇದೇ ಪ್ರಶ್ನೆ ಎದುರಾಯಿತು. ಯಾವ ಅರಸನ ದೇಹವನ್ನೂ ಅವಲಂಬಿಸದ ಮಾನ ಬೇಕೆಂದು 1791ರಲ್ಲಿ ಅಲ್ಲಿಯ ವಿದ್ವಾಂಸರು ಭೂಮಿಯನ್ನೇ ಆರಿಸಿಕೊಂಡರು. ಉತ್ತರ ಧ್ರುವದಿಂದ ಸಮಭಾಜಕ ವೃತ್ತದವರೆಗಿನ ದೂರದ ಒಂದು ಕೋಟಿಯಲ್ಲೊಂದು ಭಾಗವೇ ಮೀಟರು. ಅದರ ಹತ್ತನೆಯ ಒಂದು ಭಾಗದ ಘನದಲ್ಲಿ ಹಿಡಿಯುವ ನೀರಿನ ತೂಕವೇ ಕಿಲೋಗ್ರಾಂ. ಉದ್ದವು ಮೂಲಮಾನ, ತೂಕವು ಅದರಿಂದ ಹುಟ್ಟಿದ ಸಾಧಿತ ಮಾನ. ಮೂಲದಲ್ಲಿ ತಪ್ಪಿದರೆ ತೂಕವೂ ತಪ್ಪುತ್ತದೆ.

1792ರಲ್ಲಿ ದೆಲಾಂಬ್ರ್ ಮತ್ತು ಮೆಶೇನ್ ಎಂಬ ಇಬ್ಬರು ಖಗೋಳಜ್ಞರು ಡಂಕರ್ಕ್‌ನಿಂದ ಬಾರ್ಸಿಲೋನಾವರೆಗಿನ ರೇಖೆಯನ್ನು ಅಳೆಯಲು ಹೊರಟರು. ದಕ್ಷಿಣ ಭಾಗ ಮೆಶೇನನದು. ಬಾರ್ಸಿಲೋನಾದ ಅಕ್ಷಾಂಶವನ್ನು ಅವನು ಎರಡು ಸ್ಥಳಗಳಿಂದ ನಿರ್ಣಯಿಸಿದಾಗ ಫಲಿತಾಂಶಗಳು ಸುಮಾರು ಮೂರು ವಿಕಲೆಗಳಷ್ಟು ಹೊಂದಲಿಲ್ಲ. ಭೂಮಿಯ ಮೇಲೆ ಅದು ನೂರು ಮೀಟರಿಗೆ ಸಮೀಪದ ಅಂತರ. ಅತ್ಯಂತ ಜಾಗರೂಕನೆಂದು ಹೆಸರಾದ ಅವನು ಅದನ್ನು ಯಾರಿಗೂ ಹೇಳದೆ ಮುಚ್ಚಿಟ್ಟನು. ದ್ರವ್ಯಲೋಭ ಅವನಿಗಿರಲಿಲ್ಲ. ಅಳತೆಯ ಮಾನಕ್ಕೆ ಇಲ್ಲಿ ಅಡ್ಡಬಂದದ್ದು ಕಷಾಯಗಳಲ್ಲಿ ಎರಡನೆಯದಾದ ಮಾನ! ಒಳಗೊಳಗೇ ಬೆಂದ ಅವನು ಮತ್ತೆ ಸ್ಪೇನಿಗೆ ಹೋಗಿ ಅಳತೆಯನ್ನು ಮುಂದುವರಿಸುತ್ತಿದ್ದಾಗ 1804ರಲ್ಲಿ ಜ್ವರದಿಂದ ತೀರಿಕೊಂಡನು. ಟಿಪ್ಪಣಿಗಳು ಕೈಸೇರಿದ ಮೇಲೆಯೇ ದೆಲಾಂಬ್ರನಿಗೆ ನಿಜ ತಿಳಿದದ್ದು. ಅವನು ಆ ಕಾಗದಗಳನ್ನು ನಾಶಮಾಡದೆ ಪ್ಯಾರಿಸ್ ವೀಕ್ಷಣಾಲಯದಲ್ಲಿ ಕಾಯ್ದಿಟ್ಟನು. ಮೆಶೇನನ ಪಾಂಡಿತ್ಯಕ್ಕಿಂತ ದೆಲಾಂಬ್ರನ ಈ ಕಾರ್ಯವೇ ಹಿರಿದು.

ಮೀಟರು ಉದ್ದೇಶಿಸಿದ್ದಕ್ಕಿಂತ ಸುಮಾರು 0.2 ಮಿಲಿಮೀಟರು ಗಿಡ್ಡವಾಯಿತು. ಇದಕ್ಕೆ ಮುಖ್ಯ ಕಾರಣ ಮೆಶೇನನ ಗುಟ್ಟಲ್ಲ, ಭೂಮಿಯ ಆಕಾರವು ಅವರು ಎಣಿಸಿದಷ್ಟು ಕ್ರಮಬದ್ಧವಾಗಿಲ್ಲದಿರುವುದು. ಅವನು ಅಷ್ಟೊಂದು ನರಳಬೇಕಾದದ್ದೇ ಇರಲಿಲ್ಲ.

1889ರಲ್ಲಿ ಪ್ಲಾಟಿನಂ-ಇರಿಡಿಯಂ ಗಟ್ಟಿಯೊಂದನ್ನು ಜಗತ್ತಿನ ಕಿಲೋಗ್ರಾಮೆಂದು ಸ್ವೀಕರಿಸಿದಾಗ ತೂಕವೂ ಸ್ವತಂತ್ರ ಮೂಲಮಾನವಾಗಿ ನಿಂತಿತು. ನೂರು ವರ್ಷಗಳಲ್ಲಿ ಅದಕ್ಕೂ ಅದರ ಪ್ರತಿಗಳಿಗೂ ಸುಮಾರು 50 ಮೈಕ್ರೋಗ್ರಾಂ ವ್ಯತ್ಯಾಸ ಬಂದಿತು. ಗಟ್ಟಿ ಸವೆಯಿತೋ ಪ್ರತಿಗಳು ಬೆಳೆದವೋ ತೀರ್ಮಾನಿಸಲಾಗಲಿಲ್ಲ. ಅಳತೆಗೋಲೇ ಅದಾಗಿರುವಾಗ ಅದನ್ನು ಅಳೆಯುವುದೆಂತು? 1983ರಲ್ಲಿ ಮೀಟರನ್ನು ಬೆಳಕಿನ ವೇಗದಿಂದಲೂ, 2019ರ ಮೇ 20ರಿಂದ ಕಿಲೋಗ್ರಾಮನ್ನು ಪ್ಲಾಂಕ್ ಸ್ಥಿರಾಂಕದಿಂದಲೂ ನಿರ್ಣಯಿಸಲಾಗಿದೆ. ಆ ಗಟ್ಟಿಯು ಈಗ ಉಳಿದ ಬಟ್ಟುಗಳಂತೆಯೇ ತಾನೂ ತೂಗಿಸಿಕೊಳ್ಳಬೇಕಾದ ಒಂದು ಬಟ್ಟು.