ಬಾಕ್ ಕಾಲದ ನಮ್ಮ ದಾಸರು



ಈ ವರ್ಷ ಕನ್ನಡ ಶಾಲೆ ಮುಗಿಸುತ್ತಿರುವ ಮಕ್ಕಳಲ್ಲಿ ನನ್ನ ಮಗಳೂ ಒಬ್ಬಳು. ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದು ಶಿಕ್ಷಕರು ಕೇಳಿದಾಗ, ಮೂರು ವರ್ಷದ ಹಿಂದೆ ಅವಳು ಕೇಳಿದ ಒಂದು ಪ್ರಶ್ನೆ ನೆನಪಾಯಿತು.

ಅವಳು ಪಿಯಾನೋ ಕಲಿಯುತ್ತಾಳೆ. ಆಗ ಯೋಹಾನ್ ಸೆಬಾಸ್ಟಿಯನ್ ಬಾಕ್‌ನ ‘ಇನ್ವೆನ್ಷನ್’ಗಳನ್ನು ಅಭ್ಯಾಸ ಮಾಡುತ್ತಿದ್ದಳು. ಕನ್ನಡ ತರಗತಿಗೆ ಅವಳನ್ನು ಹೊರಡಿಸುವುದು ಮಾತ್ರ ಪ್ರತಿ ಶನಿವಾರದ ಜಗಳವಾಗಿತ್ತು. ಒಂದು ದಿನ ಕಾರಿನಲ್ಲಿ, “ಅಪ್ಪಾ, ಬಾಕ್ ಇದ್ದ ಕಾಲದಲ್ಲಿ ಕನ್ನಡದಲ್ಲಿ ಅಂಥವರು ಯಾರಿದ್ದರು?” ಎಂದಳು. “ಪುರಂದರದಾಸರು!” ಎಂದೆ ಹೆಮ್ಮೆಯಿಂದ. ಅವಳು ಫೋನಿನಲ್ಲಿ ಹುಡುಕಿ, “ಅವರು ತೀರಿಕೊಂಡಿದ್ದು 1564ರಲ್ಲಿ. ಬಾಕ್ ಹುಟ್ಟಿದ್ದು 1685ರಲ್ಲಿ” ಎಂದಳು. ಆಮೇಲೆ ಮೆಲ್ಲಗೆ, “ಯಾರೂ ಇರಲಿಲ್ಲ ಅಂದ್ರೂ ಪರವಾಗಿಲ್ಲ ಅಪ್ಪಾ” ಎಂದು ಸಮಾಧಾನ ಹೇಳಿದಳು. ಅವಳು ವಾದ ಮಾಡಿದ್ದರೆ ಅಷ್ಟು ನೋವಾಗುತ್ತಿರಲಿಲ್ಲ. 

ಆ ರಾತ್ರಿ ರಾಯಚೂರಿನಲ್ಲಿರುವ ನಮ್ಮ ತಾಯಿಗೆ ಫೋನ್ ಮಾಡಿ, 1685ರ ಸುಮಾರಿಗೆ ಹುಟ್ಟಿದ ದಾಸರು ಯಾರು ಎಂದು ಕೇಳಿದೆ. “ಅಯ್ಯ, ವಿಜಯದಾಸರಲ್ಲೇನೋ! ರಾಯಚೂರಿನಾಗ ಹುಟ್ಟಿ ಅಷ್ಟೂ ಗೊತ್ತಿಲ್ಲೇನು ನಿನಗ?” ಎಂದು ಬೈದರು. ಬೈಗುಳ ನ್ಯಾಯವಾಗಿಯೇ ಇತ್ತು. ಅವರು ಪ್ರತಿ ಶುಕ್ರವಾರ ಹೇಳುವ ‘ದುರ್ಗಾ ಸುಳಾದಿ’ ವಿಜಯದಾಸರದ್ದೇ. ಅದನ್ನು ಕೇಳುತ್ತಲೇ ಬೆಳೆದ ನಾನು, ಬರೆದವರು ಯಾರೆಂದು ಒಮ್ಮೆಯೂ ವಿಚಾರಿಸಿರಲಿಲ್ಲ.

ವಿಜಯದಾಸರು ಹುಟ್ಟಿದ್ದು 1682ರಲ್ಲಿ, ಮಾನ್ವಿ ತಾಲ್ಲೂಕಿನ ಚೀಕಲಪರವಿಯಲ್ಲಿ. ತಂದೆ ಶ್ರೀನಿವಾಸಪ್ಪ, ತಾಯಿ ಕೂಸಮ್ಮ. ಮನೆಯಲ್ಲಿ ಇಟ್ಟ ಹೆಸರು ದಾಸಪ್ಪ. ಅವರ ಬಾಲ್ಯದಲ್ಲೇ, 1686ರಲ್ಲಿ, ಬಿಜಾಪುರ ಔರಂಗಜೇಬನ ವಶವಾಯಿತು. ಮನೆಯಲ್ಲಿ ಕಡುಬಡತನ. ದಾಸಪ್ಪ ಮನೆ ಬಿಟ್ಟು ಕಾಶಿಗೆ ಹೋದರು. ಅಲ್ಲಿ ಪುರಂದರದಾಸರು ಕನಸಿನಲ್ಲಿ ಕಾಣಿಸಿಕೊಂಡು ‘ವಿಜಯವಿಠಲ’ ಎಂಬ ಅಂಕಿತ ಕೊಟ್ಟರೆಂದು ಪರಂಪರೆ ಹೇಳುತ್ತದೆ. ಪುರಂದರ, ಕನಕರ ನಂತರ ಕ್ಷೀಣಿಸಿದ್ದ ದಾಸಪಂಥಕ್ಕೆ ಮತ್ತೆ ಜೀವ ಬಂದದ್ದು ಇವರಿಂದ. 1755ರ ಕಾರ್ತಿಕ ಶುದ್ಧ ದಶಮಿಯಂದು, ಈಗ ಆಂಧ್ರದ ಕರ್ನೂಲು ಜಿಲ್ಲೆಯಲ್ಲಿರುವ ಚಿಪ್ಪಗಿರಿಯಲ್ಲಿ ದೇಹ ಬಿಟ್ಟರು.

ಬಾಕ್ ಹುಟ್ಟಿದ್ದು ಜರ್ಮನಿಯ ಐಸೆನಾಕ್‌ನಲ್ಲಿ. ಹತ್ತು ವರ್ಷವಾಗುವಷ್ಟರಲ್ಲಿ ತಾಯಿ, ತಂದೆ ಇಬ್ಬರನ್ನೂ ಕಳೆದುಕೊಂಡು ಅಣ್ಣನ ಮನೆಯಲ್ಲಿ ಬೆಳೆದ. 1723ರಿಂದ 1750ರಲ್ಲಿ ಸಾಯುವವರೆಗೂ ಲೈಪ್‌ಜಿಗ್ ನಗರದ ಚರ್ಚುಗಳ ಸಂಗೀತದ ಹೊಣೆ ಅವನದು. ಮಕ್ಕಳಿಗೆ ಪಾಠ ಹೇಳುವ ಕೆಲಸವೂ ಇತ್ತು. ನನ್ನ ಮಗಳು ನುಡಿಸುವ ಇನ್ವೆನ್ಷನ್‌ಗಳು ಮೊದಲು ಕಾಣಿಸಿಕೊಂಡದ್ದು, ತನ್ನ ಹಿರಿಯ ಮಗನಿಗೆ ಕಲಿಸಲೆಂದು ಅವನು 1720ರಲ್ಲಿ ಶುರು ಮಾಡಿದ ಪುಸ್ತಕದಲ್ಲಿ.

ಇಬ್ಬರಿಗೂ ಒಬ್ಬರ ಹೆಸರು ಇನ್ನೊಬ್ಬರಿಗೆ ಗೊತ್ತಿರಲು ಸಾಧ್ಯವಿಲ್ಲ. ಇಬ್ಬರ ಸಂಗೀತವೂ ಬೇರೆ, ಮತವೂ ಬೇರೆ. ಆದರೂ ಮಗಳೂ ನಾನೂ ಕೂತು ನೋಡಿದಾಗ ಎರಡು ಹೋಲಿಕೆಗಳು ಕಂಡವು. ಬಾಕ್ ತನ್ನ ಅನೇಕ ಕೃತಿಗಳ ಕೊನೆಯಲ್ಲಿ ‘ದೇವರೊಬ್ಬನಿಗೇ ಮಹಿಮೆ’ ಎಂಬ ಅರ್ಥದ ಲ್ಯಾಟಿನ್ ಮಾತಿನ ಮೂರು ಮೊದಲಕ್ಷರ ಬರೆಯುತ್ತಿದ್ದ. ವಿಜಯದಾಸರ ಹಾಡಿನ ಕೊನೆಯಲ್ಲಿ ಬರುವುದೂ ದೇವರ ಹೆಸರೇ. ಇನ್ನೊಂದು, ರಚನೆಯ ಕ್ರಮ. ಸುಳಾದಿಯಲ್ಲಿ ಭಾಗ ಬದಲಾದಂತೆ ತಾಳ ಬದಲಾಗುತ್ತದೆ: ಧ್ರುವ, ಮಠ್ಯ, ತ್ರಿಪುಟ, ಅಟ್ಟ ಹೀಗೆ. ಕೊನೆಗೆ ಎರಡೇ ಸಾಲಿನ ‘ಜತೆ’ ಎಲ್ಲವನ್ನೂ ಕಟ್ಟಿ ಮುಗಿಸುತ್ತದೆ. ಬಾಕ್ ಭಾನುವಾರದ ಆರಾಧನೆಗೆಂದು ಬರೆದ ‘ಕ್ಯಾಂಟಾಟ’ಗಳಲ್ಲೂ ಬೇರೆಬೇರೆ ನಡೆಯ ಭಾಗಗಳಿರುತ್ತವೆ. ಹೆಚ್ಚಿನವು ಜನರಿಗೆ ಪರಿಚಿತವಾದ ಸರಳ ಪ್ರಾರ್ಥನೆಯೊಂದರಿಂದ ಮುಗಿಯುತ್ತವೆ.

ಆದರೆ ನಮ್ಮ ಶಾಲೆಗೆ ಹೆಚ್ಚು ಹತ್ತಿರವಾದದ್ದು ಇನ್ನೊಂದು ಕಥೆ. ಮಾನ್ವಿಯಲ್ಲಿ ಶ್ರೀನಿವಾಸಾಚಾರ್ಯರೆಂಬ ಸಂಸ್ಕೃತ ಪಂಡಿತರಿದ್ದರು. ಕನ್ನಡದಲ್ಲಿ ಹಾಡಿಕೊಂಡು ತಿರುಗುವ ದಾಸರೆಂದರೆ ಅವರಿಗೆ ತಾತ್ಸಾರ. ವಿಜಯದಾಸರು ಊಟಕ್ಕೆ ಕರೆದಾಗ, ಹೊಟ್ಟೆನೋವೆಂದು ಸುಳ್ಳು ಹೇಳಿ ತಪ್ಪಿಸಿಕೊಂಡರಂತೆ. ಆ ನೋವು ನಿಜವಾಗಿಯೇ ಬಂತು, ಯಾವ ಔಷಧಕ್ಕೂ ಬಗ್ಗಲಿಲ್ಲ. ಕೊನೆಗೆ ಪಂಡಿತರು ವಿಜಯದಾಸರ ಬಳಿಗೇ ಬಂದರು. ದಾಸರು ಅವರನ್ನು ತಮ್ಮ ಶಿಷ್ಯ ಗೋಪಾಲದಾಸರ ಬಳಿಗೆ ಕಳಿಸಿದರು. ಗೋಪಾಲದಾಸರು ತಮ್ಮ ಆಯುಷ್ಯದಲ್ಲೇ ನಲವತ್ತು ವರ್ಷ ಧಾರೆಯೆರೆದರೆಂದು ನಂಬಿಕೆ. ಆ ಪಂಡಿತರೇ ಮುಂದೆ ಜಗನ್ನಾಥದಾಸರಾಗಿ, ಕನ್ನಡದ ಭಾಮಿನಿ ಷಟ್ಪದಿಯಲ್ಲಿ ‘ಹರಿಕಥಾಮೃತಸಾರ’ ಬರೆದರು.

ಪವಾಡವನ್ನು ನಂಬುವುದು ಬಿಡುವುದು ಅವರವರಿಗೆ ಬಿಟ್ಟದ್ದು. ಆದರೆ ತನ್ನ ಮಾತನ್ನೇ ಕೀಳೆಂದುಕೊಂಡವನ ಹೊಟ್ಟೆನೋವು ನನಗೆ ಚೆನ್ನಾಗಿ ಅರ್ಥವಾಗುತ್ತದೆ. ನಾನೂ ಇಂಗ್ಲಿಷ್ ಕಲಿತ ಹೊಸದರಲ್ಲಿ, ಗೆಳೆಯರ ಮುಂದೆ ಅಮ್ಮನ ಹಾಡಿಗೆ ನಾಚಿಕೊಂಡವನೇ.

ಉಳಿಯುವುದು ಹೇಗೆ ಎಂಬುದಕ್ಕೂ ಈ ಇಬ್ಬರಲ್ಲಿ ಉತ್ತರವಿದೆ. ಬಾಕ್ ಸತ್ತ ಮೇಲೆ ಅವನ ದೊಡ್ಡ ಕೃತಿಗಳನ್ನು ಜನ ಹೆಚ್ಚುಕಡಿಮೆ ಮರೆತಿದ್ದರು. 1829ರಲ್ಲಿ ಇಪ್ಪತ್ತು ವರ್ಷದ ಮೆಂಡೆಲ್ಸನ್ ಬರ್ಲಿನ್‌ನಲ್ಲಿ ‘ಸೇಂಟ್ ಮ್ಯಾಥ್ಯೂ ಪ್ಯಾಶನ್’ ಪ್ರದರ್ಶಿಸಿ ಅವನನ್ನು ಮತ್ತೆ ಜನರ ಮುಂದೆ ತಂದ. ಆ ಕೃತಿಯ ನಕಲು ಪ್ರತಿಯನ್ನು ಅವನಿಗೆ ಕೊಟ್ಟವರು ಅವನ ಅಜ್ಜಿ. ಈಗ ನಮ್ಮ ಪಕ್ಕದ ಕಾರ್ಮೆಲ್‌ನಲ್ಲೂ 1935ರಲ್ಲಿ ಶುರುವಾದ ಬಾಕ್ ಉತ್ಸವವಿದೆ. ವಿಜಯದಾಸರ ‘ಸದಾ ಎನ್ನ ಹೃದಯದಲ್ಲಿ’ ಇಂದಿಗೂ ಕಛೇರಿಗಳಲ್ಲಿ ಕೇಳಿಬರುತ್ತದೆ. ಆದರೆ ಸುಳಾದಿಗಳ ಸಾಹಿತ್ಯ ಉಳಿದಷ್ಟು ಮಟ್ಟು ಉಳಿದಿಲ್ಲ. ಉಳಿದದ್ದೂ ಬಹುಮಟ್ಟಿಗೆ ನಮ್ಮ ಅಜ್ಜಿಯರ ಬಾಯಲ್ಲಿ, ಕೈಬರಹದ ಪುಸ್ತಕಗಳಲ್ಲಿ.

ಕಳೆದ ಬೇಸಿಗೆಯಲ್ಲಿ ನಮ್ಮ ತಾಯಿ ಇಲ್ಲಿಗೆ ಬಂದಾಗ ಅಂಥದ್ದೊಂದು ಪುಸ್ತಕ ತಂದಿದ್ದರು. ಮಗಳು ಅದನ್ನು ತೆರೆದು, ಬೆರಳಿಟ್ಟುಕೊಂಡು ಒಂದೊಂದೇ ಸಾಲು ಓದಿದಳು. ಒತ್ತಕ್ಷರ ಬಂದಲ್ಲಿ ತಡವರಿಸಿದಳು. ‘ಳ’ಕಾರವನ್ನು ಅಜ್ಜಿ ತಿದ್ದಿದರು. “ಅರ್ಥ ಪೂರ್ತಿ ಆಗಲ್ಲ ಅಪ್ಪಾ, ಆದರೆ ಓದೋಕೆ ಬರುತ್ತೆ” ಎಂದಳು. ನನ್ನ ತಾಯಿ ಏನೂ ಹೇಳಲಿಲ್ಲ. ಊರಿಗೆ ಹೊರಡುವಾಗ ಪುಸ್ತಕವನ್ನು ಅವಳ ಪಿಯಾನೋ ಮೇಲೆ ಬಿಟ್ಟು ಹೋದರು.

ಎಷ್ಟೋ ಶನಿವಾರ ನಮ್ಮ ಮಕ್ಕಳಿಗೆ ಒತ್ತಕ್ಷರ ತಿದ್ದಿ ಕಲಿಸಿದ ಶಿಕ್ಷಕರಿಗೆ ನನ್ನ ವಂದನೆಗಳು. ಆ ಪುಸ್ತಕವನ್ನು ಓದಬಲ್ಲವರು ನಮ್ಮ ಮನೆಯಲ್ಲಿ ಇನ್ನೊಂದು ತಲೆಮಾರು ಇದ್ದಾರೆ.