ಕಣ್ಣಿಗೆ ಕನ್ನಡ, ಗೂಗಲ್‌ಗೆ ಕಸ

2000ದ ಜುಲೈ 30ರ ರಾತ್ರಿ ಡಾ. ರಾಜ್‌ಕುಮಾರ್ ಅಪಹರಣ ಆಯ್ತಲ್ಲ, ಆಗಲೇ ಕನ್ನಡದ ವೆಬ್‌ಸೈಟ್‌ಗಳಿದ್ದವು ವೀಕ್ಷಕರೇ. ಆದರೆ ಪರದೆ ಮೇಲೆ ಕಾಣುತ್ತಿದ್ದದ್ದು ಮಾತ್ರ ಕನ್ನಡ. ಒಳಗಿದ್ದದ್ದು ಇಂಗ್ಲಿಷ್ ಅಕ್ಷರಗಳ ಸಂಕೇತ, ಫಾಂಟ್ ಅದಕ್ಕೆ ಕನ್ನಡದ ವೇಷ ಹಾಕುತ್ತಿತ್ತು ಅಷ್ಟೇ. ಸೈಟಿಗೊಂದು ಫಾಂಟ್! ಓದುಗ ಹೇಗೋ ಅದನ್ನು ಇಳಿಸಿಕೊಂಡು ಓದುತ್ತಿದ್ದ. ಗೂಗಲ್ ವೇಷ ನೋಡೋದಿಲ್ಲ, ಸಂಕೇತ ಓದುತ್ತೆ. 'ರಾಜ್‌ಕುಮಾರ್' ಅಂತ ಕನ್ನಡದಲ್ಲಿ ಹುಡುಕಿದರೆ ಆ ಪುಟಗಳು ಲೆಕ್ಕಕ್ಕೇ ಇಲ್ಲ. ತಲೆಬರಹವನ್ನು ಗೆಳೆಯನಿಗೆ ಈಮೇಲ್ ಮಾಡಿದರೂ, ಅವನ ಬಳಿ ಆ ಫಾಂಟ್ ಇಲ್ಲದಿದ್ದರೆ ಬರೀ ಕಸ.

ಮದ್ದು ಇರಲಿಲ್ವಾ? ಇತ್ತು. ಯೂನಿಕೋಡ್‌ನಲ್ಲಿ 1991ರಲ್ಲೇ ಕನ್ನಡಕ್ಕೆ ಜಾಗ ಸಿಕ್ಕಿತ್ತು. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ತುಂಗಾ ಫಾಂಟ್ ಕೂಡ ಬಂತು. ಆದರೂ ನಾವು ಮಾಧ್ಯಮದವರೇ ತಡ ಮಾಡಿದೆವು. ಅಚ್ಚಿನ ಪೇಜ್‌ಮೇಕರ್‌ಗೆ ಯೂನಿಕೋಡ್ ಒಗ್ಗುತ್ತಿರಲಿಲ್ಲ, ನಿಜ. ಅಚ್ಚಿಗೆ ಟೈಪ್ ಮಾಡಿದ್ದನ್ನೇ ಸೈಟಿಗೂ ಸುರಿಯುವುದು ಸುಲಭವಾಗಿತ್ತು, ಅದೂ ನಿಜ. ಆಮೇಲೆ ಒಬ್ಬೊಬ್ಬರಾಗಿ ಯೂನಿಕೋಡ್‌ಗೆ ಬಂದರು. ಹಳೆಯ ಪುಟಗಳನ್ನು ಪರಿವರ್ತಿಸುವ ತಂತ್ರಾಂಶವೂ ಇತ್ತು. ಎಷ್ಟೋ ಕಡೆ ಅದಕ್ಕೆ ಯಾರೂ ಕೂರಲಿಲ್ಲ.

ಅಣ್ಣಾವ್ರು ಕಾಡಿನಲ್ಲಿದ್ದ ಆ 108 ದಿನ ಕನ್ನಡ ಸೈಟ್‌ಗಳು ಏನು ಬರೆದವು? ಇವತ್ತು ಹುಡುಕಿ ನೋಡಿ.