ಬೆಂಗಳೂರು – ಸ್ಯಾನ್ ಫ್ರಾನ್ಸಿಸ್ಕೊ: ವಿಮಾನದ ದೂರ ಮತ್ತು ಸಮಯ

ಮಕ್ಕಳು ಅಮೆರಿಕದಲ್ಲಿರುವ ಸದಸ್ಯರ ಗಮನಕ್ಕೆ. ಈ ಎರಡು ನಿಲ್ದಾಣಗಳ ನಡುವಿನ ಆಕಾಶಮಾರ್ಗ ಸುಮಾರು 14,000 ಕಿ.ಮೀ. 2021ರ ಜನವರಿಯಲ್ಲಿ ಏರ್ ಇಂಡಿಯಾದ ಮಹಿಳಾ ಪೈಲಟ್‌ಗಳು ಅಲ್ಲಿಂದ ಉತ್ತರ ಧ್ರುವದ ಮೇಲಾಗಿ, ಎಲ್ಲೂ ಇಳಿಯದೆ, ಸುಮಾರು 17 ಗಂಟೆಯಲ್ಲಿ ಬೆಂಗಳೂರು ತಲುಪಿದರು. ನಡುವೆ ವಿಮಾನ ಬದಲಿಸಿದರೆ 20 ಗಂಟೆ ದಾಟುತ್ತದೆ. ಅಲ್ಲಿನ ಗಡಿಯಾರ ನಮಗಿಂತ ಚಳಿಗಾಲದಲ್ಲಿ 13½, ಬೇಸಿಗೆಯಲ್ಲಿ 12½ ಗಂಟೆ ಹಿಂದೆ.

ನಮಗೆ ತೊಡಕಾಗುವುದು ನೆಲದ ದಾರಿ. ಬಂಡೀಪುರ ಕಾಡಿನ ರಸ್ತೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಖಾಸಗಿ ವಾಹನಗಳಿಗೆ ಬಂದ್. ನಸುಕಿನ ವಿಮಾನವಿದ್ದರೆ ಊಟಿ, ಗೂಡಲೂರು, ಮಸಿನಗುಡಿಯವರು ಹಿಂದಿನ ದಿನ ಮಧ್ಯಾಹ್ನವೇ ಹೊರಡಬೇಕೆಂದು ಕೋರುತ್ತೇವೆ. ಸಂಜೆ ಬಂದಿಳಿಯುವ ಮಕ್ಕಳು ಮೈಸೂರಿನಲ್ಲಿ ತಂಗಿ, ಬೆಳಗಾದ ಮೇಲೆ ಘಟ್ಟ ಹತ್ತಲಿ.